ಬಾವಿಕಟ್ಟೆಯ ಎರಡನೇ ಕರೆ

ನಗುವವರು ಈಗಲೇ ನಕ್ಕು ಮುಗಿಸಿ. ಮಧ್ಯದಲ್ಲಿ ಕಿಸಕ್ಕೆಂದರೆ ನಾನು ನಿಲ್ಲಿಸಿ ಮಲಗಿಬಿಡ್ತೇನೆ. ಇದು ಯಾರೋ ಎಲ್ಲೋ ಕಂಡದ್ದಲ್ಲ. ನನ್ನ ಚಿಕ್ಕಿಯ ಮಗಳು ಶ್ರೀಲತಾಗೆ ಆದದ್ದು. ಆ ರಾತ್ರಿ ಅವಳನ್ನು ರಿಕ್ಷಾದಲ್ಲಿ ತಂದು ಇಳಿಸಿದವ ನಾನೇ.

ಬಸ್ರೂರಿನಲ್ಲಿ ಡಾಮರು ರಸ್ತೆ ಬಿಟ್ಟು ಅವಳ ಮನೆಗೆ ಹೋಗುವ ಓಣಿಗೆ ರಿಕ್ಷಾ ಹಿಡಿಯುವುದಿಲ್ಲ. ನಡೆಯಬೇಕು. ಮನೆ ಮುಟ್ಟುವ ಸ್ವಲ್ಪ ಮೊದಲು ಹಳೇ ಬಾವಿ ಸಿಗ್ತದೆ. ನಳ್ಳಿ ನೀರು ಬಂದ ಮೇಲೆ ಅದರಲ್ಲಿ ಯಾರೂ ಸೇದುವುದಿಲ್ಲ. ಹಗ್ಗ ಲಡ್ಡಾಗಿ ಹರಿಯುವ ಹಾಗಿದೆ ಅಂತ ನಾನೇ ಬಿಚ್ಚಿ ತೆಗೆದಿದ್ದೆ. ರಾಟೆ ಮಾತ್ರ ಹಾಗೇ ನೇತಾಡ್ತಿತ್ತು.

ಎರಡು ಸಾವಿರದ ಒಂಬತ್ತು, ಏಪ್ರಿಲ್ ತಿಂಗಳ ಮೊದಲ ಶನಿವಾರ. ರಾತ್ರಿ ಒಂಬತ್ತಾಗ್ತಾ ಬಂದಿತ್ತು. ಶ್ರೀಲತಾ ಲ್ಯಾಪ್‌ಟಾಪಿನ ಚೀಲ ಎದೆಗೊತ್ತಿಕೊಂಡು ಇಳಿದಳು. ಇಳಿದವಳು ನಡೆಯಲಿಲ್ಲ. ಓಣಿ ನೋಡ್ತಾ ನಿಂತಳು...

"ಎಂತ, ಹೆದ್ರಿಕ್ಯಾ?" ಅಂದೆ ತಮಾಷೆಗೆ.

"ಹೆದ್ರಿಕಿ ಅಲ್ಲ ಅಣ್ಣ..." ದನಿ ಇಳಿಸಿದಳು. "ಅಬ್ಬಿ ಕರಿತ್ಲ್."

ಅವಳ ಅಬ್ಬಿ ಅಂದರೆ ತಾಯಿ, ನನ್ನ ಅಮ್ಮಣಿ ಚಿಕ್ಕಿ, ಹಿಂದಿನ ಆಸಾಡಿ ಮಳೆಗಾಲದಲ್ಲೇ ತೀರಿಕೊಂಡಿದ್ದಳು.

ಚಿಕ್ಕಿ ಗಂಗೊಳ್ಳಿಯಿಂದ ಮೀನು ತಂದು ಬುಟ್ಟಿ ಹೊತ್ತು ಮಾರಿದವಳು. ಗಂಡ ಬೇಗ ಹೋದ. ಇದ್ದ ಒಬ್ಬಳು ಮಗಳನ್ನು ಕಂಪ್ಯೂಟರ್ ಓದಿಸಿದಳು. ಅವಳ ದನಿ ಎಂಥದು ಗೊತ್ತುಂಟಾ? ಓಣಿಯ ಆ ತುದಿಯಲ್ಲಿ "ಮೀನ್..." ಅಂದರೆ ಈ ತುದಿಯ ಬೆಕ್ಕು ಎದ್ದು ಕೂರ್ತಿತ್ತು. ಆ ದನಿಯಲ್ಲೇ ಮಗಳಿಗೆ ಕಲಿಸಿದ್ದಳು, ನಿಮಗೂ ನಿಮ್ಮ ಮನೆಯವರು ಕಲಿಸಿರ್ತಾರೆ. ರಾತ್ರಿ ಹೊರಗಿನಿಂದ ಹೆಸರು ಹಿಡಿದು ಕರೆದರೆ ಮೊದಲ ಕರೆಗೆ ಓ ಅನ್ನಬಾರದು. ದೆವ್ವ ಒಂದೇ ಸಲ ಕರೆಯುವುದು. ಮನುಷ್ಯರಾದರೆ ಮತ್ತೊಮ್ಮೆ ಕರೀತಾರೆ. ಒಂದೇ ಕರೆಗೆ ಓ ಅಂದವರು ಅದರ ಹಿಂದೆಯೇ ಹೋಗ್ತಾರೆ.

ಚಿಕ್ಕಿ ಸಾಯುವಾಗ ಶ್ರೀಲತಾ ಕುಂದಾಪುರದಲ್ಲಿ ಆಫೀಸಿನಲ್ಲಿದ್ದಳು. ಧೋ ಮಳೆ. ಪಕ್ಕದ ಮನೆ ಗುಲಾಬಿಯ ತೊಡೆಯ ಮೇಲೆ ತಲೆ ಇಟ್ಟುಕೊಂಡು, ಮಗಳ ಹೆಸರು ಒಂದು ಸಲ ಕರೆದು ಜೀವ ಬಿಟ್ಟಳಂತೆ. ಓ ಅನ್ನಲು ಮಗಳಿರಲಿಲ್ಲ. ಇದನ್ನು ಗುಲಾಬಿ ಹೇಳಬಾರದಿತ್ತು. ಆದರೆ ಅವಳ ಬಾಯಿಗೆ ಬೀಗ ಹಾಕಿದವರು ಯಾರು? ಹೇಳಿಬಿಟ್ಟಳು.

"ತಡವಾಗಿ ಬಂದ ರಾತ್ರಿಯೆಲ್ಲ ಬಾವಿ ಹತ್ರ ಅಬ್ಬಿ ದನಿ ಕೇಂತ್," ಅಂದಳು ಶ್ರೀಲತಾ. "ಒಂದೇ ಸಲ. ನಾ ನಿಲ್ತೆ. ಇನ್ನೊಂದ್ ಸಲ ಕರಿ ಅಬ್ಬೀ, ಓ ಅಂತೆ ಅಂದ್ ಮನ್ಸಲ್ಲೇ ಹೇಳ್ತೆ. ಕರಿತಿಲ್ಲೆ."

"ನಾ ಬತ್ತೆ ಸಂಗಡ."

"ಬೇಡ. ನೀ ಇದ್ರೆ ಅದೂ ಇಲ್ಲೆ."

ಅದೂ ಇಲ್ಲೆ ಅಂದಳಲ್ಲ... ಅಷ್ಟು ಒಂಟಿಯಾಗಿದ್ದಳು ಹುಡುಗಿ. ಆದರೂ ನಿಂತಲ್ಲೇ ನಿಂತೆ.

ರಿಕ್ಷಾ ಆಫ್ ಮಾಡಿದೆ. ಅವಳ ಚಪ್ಪಲಿ ಕೇಳಿಸ್ತಿತ್ತು. ಚಟ್... ಚಟ್... ಚಟ್. ನಿಂತಿತು. ಆಮೇಲೆ ರಾಟೆ. ಕಿಂಯ್ಯ್... ಕ್. ಗಾಳಿ ಇರಲಿಲ್ಲ, ತೆಂಗಿನ ಗರಿ ಒಂದೂ ಅಲುಗಲಿಲ್ಲ. ಕರೆದದ್ದು ನನಗೆ ಕೇಳಿಸಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ತೇನೆ, ರಾಟೆ ಮಾತ್ರ ಕೇಳಿಸಿತು. ತುಂಬಾ ಹೊತ್ತಿನ ಮೇಲೆ ಮತ್ತೆ ಚಪ್ಪಲಿ. ಬಾಗಿಲ ಅಗುಳಿ, ಠಕ್. ನಾನು ಹಿಂದೆ ನೋಡದೆ ಮನೆಗೆ ಹೋದೆ.

ಇನ್ನು ಮುಂದಿನದು ಮಾರನೇ ದಿನ ಅವಳೇ ಹೇಳಿದ್ದು. ಅದಕ್ಕೆ ಮೊದಲು ಅವಳ ಕೆಲಸ ಎಂಥದು ಅಂತ ತಿಳಿಯಬೇಕು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಒಂದು ವೃದ್ಧಾಶ್ರಮ. ಮುದುಕರು ರಾತ್ರಿ ಮಂಚದ ಪಕ್ಕದ ಗುಂಡಿ ಒತ್ತಿದರೆ ನರ್ಸಿನ ಫೋನಿಗೆ ಸುದ್ದಿ ಹೋಗಬೇಕು. ಹಾಗೆ ಕಳಿಸುವ ಪ್ರೋಗ್ರಾಂ ಬರೆದವಳು ನಮ್ಮ ಶ್ರೀಲತಾ. ಕೆಲವು ಸಲ ಒಂದೇ ಕರೆ ತಂತಿಯಲ್ಲಿ ಎರಡೆರಡು ಸಲ ಬಂದು ನರ್ಸಿಗೆ ಕಿರಿಕಿರಿ. ಅದಕ್ಕೆ ಇವಳು, ಅದೇ ಕೋಣೆಯಿಂದ ಅದೇ ಹೊತ್ತಿಗೆ ಇನ್ನೊಂದು ಕರೆ ಬಂದರೆ ಅದು ಮೊದಲಿನದೇ, ಬಿಟ್ಟುಬಿಡು ಅಂತ ಬರೆದಿದ್ದಳು.

ನಮಗೆ ಸರಿಯೇ ಕಾಣ್ತದೆ. ನಮ್ಮಲ್ಲಿ ಹೋದ ಗಂಟೆ ತಿರುಗಿ ಬಂದದ್ದು ಯಾರು ಕಂಡಿದ್ದಾರೆ? ಆದರೆ ಅಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ. ಏಪ್ರಿಲಿನಲ್ಲಿ ಒಂದು ರಾತ್ರಿ, ಮೂರಾಗುತ್ತಲೇ ತಿರುಗಿಸಿ ಎರಡು ಮಾಡ್ತಾರೆ. ಎರಡರಿಂದ ಮೂರು ಆ ರಾತ್ರಿ ಎರಡು ಸಲ. ಹಿಂದಿನ ವರ್ಷ ಆ ರಾತ್ರಿ ಒಬ್ಬಳು ಮುದುಕಿ ಮೊದಲ ಎರಡೂವರೆಗೆ ಗುಂಡಿ ಒತ್ತಿದಳು, ನರ್ಸ್ ಬಂದಳು. ಒಂದು ಗಂಟೆ ಬಿಟ್ಟು ಬಾಯಾರಿತು. ಮತ್ತೆ ಒತ್ತಿದಳು. ಆಗಲೂ ಗಡಿಯಾರದಲ್ಲಿ ಎರಡೂವರೆಯೇ. ಮೊದಲಿನದೇ ಅಂತ ಪ್ರೋಗ್ರಾಂ ಬಿಟ್ಟುಬಿಟ್ಟಿತು. ಮುದುಕಿ ಬೆಳಗಿನವರೆಗೆ ನೀರಿಲ್ಲದೆ ಕಾದಳು.

ಶ್ರೀಲತಾ ಅದನ್ನೆಲ್ಲ ಕಿತ್ತು ಮತ್ತೆ ಬರೆದಳು. ಊರಿನ ಗಡಿಯಾರ ನೋಡಬಾರದು, ಲೋಕಕ್ಕೆಲ್ಲ ಒಂದೇ ಆಗಿ ಎಂದೂ ಹಿಂದೆ ಹೋಗದ ಸಮಯವೊಂದು ಉಂಟಂತೆ, ಅದನ್ನೇ ಹಿಡಿಯಬೇಕು ಅಂತ. ಈ ಸಲದ ರಾತ್ರಿ ಅದನ್ನು ಕಾದು ನೋಡುವ ಕೆಲಸ ಅವಳದೇ. ಅಲ್ಲಿಯ ಎರಡೂವರೆ ಅಂದರೆ ನಮಗೆ ರಾತ್ರಿ ಒಂಬತ್ತು. ಬಾವಿ ಹತ್ತಿರ ಮೊದಲ ಕರೆ ಕೇಳಿ ಅವಳು ನಿಂತಿದ್ದಳಲ್ಲ, ಆ ಹೊತ್ತು.

ಬಾಗಿಲು ಹಾಕಿದ ಚಾವಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಅದರ ಗಡಿಯಾರ ಮೆಲ್ಬರ್ನಿನದು. ಅನ್ನ ಮಾಡಲಿಲ್ಲ. ಒಬ್ಬಳಿಗೆ ಎಂತ ಅನ್ನ? ಒಳಗೆ ಗೋಡೆ ಗಡಿಯಾರ ಟಿಕ್, ಟಿಕ್ ಅನ್ನುವುದೊಂದೇ ಸದ್ದು. ಪರದೆಯ ಮೇಲೆ ಮೂರಾಗಬೇಕಾದದ್ದು ತಿರುಗಿ ಎರಡಾಯಿತು.

ಅರ್ಧ ಗಂಟೆ ಕಳೆಯಿತು. ಮತ್ತೆ ಎರಡೂವರೆ. ಪಿಂಯ್... ಅದೇ ಮುದುಕಿಯ ಕೋಣೆ. ಸುದ್ದಿ ಹೋಯಿತು. ಹೋಗ್ತಾ ಇದ್ದೇನೆ ಅಂತ ನರ್ಸಿನ ಉತ್ತರವೂ ಬಂತು. ಶ್ರೀಲತಾ ಕಣ್ಣೊರೆಸಿಕೊಂಡಳು.

ಆಗ ಬಾವಿಯಿಂದ... ಕಿಂಯ್ಯ್... ಕ್.

"ಶ್ರೀಲತಾ..."

ಎರಡನೇ ಸಲ. ಒಂದೇ ರಾತ್ರಿ ಎರಡನೇ ಸಲ.

ಎರಡನೇ ಕರೆಗೆ ಓ ಅನ್ನಬಹುದು, ಅಬ್ಬಿಯೇ ಕಲಿಸಿದ್ದು. ಆದರೆ ಇದು ಎರಡನೆಯದು ಹೌದಾ? ಗಂಟೆ ತಿರುಗಿ ಬಂತಲ್ಲ, ಅದರ ಜೊತೆ ಮೊದಲಿನ ಕರೆಯೇ ತಿರುಗಿ ಬಂದಿದ್ದರೆ? ಹಾಗಾದರೆ ಅದು ಒಂದೇ ಕರೆ. ಓ ಅಂದರೆ ಹೋದಳು. ಹೇಳುವವರು ಯಾರೂ ಹತ್ತಿರ ಇಲ್ಲ. ಆಗ ಮುದುಕಿಯ ನೆನಪಾಯಿತಂತೆ. ಮೊದಲಿನದೇ ಅಂತ ಬಿಟ್ಟದ್ದಕ್ಕೆ ಬೆಳಗಿನವರೆಗೆ ಕಾದವಳು.

"ಓ..." ಅಂದಳು. "ಓ, ಅಬ್ಬೀ."

ಹೊರಗೆ ಜೀರುಂಡೆ ನಿಂತಿತು. ಬಾವಿಕಟ್ಟೆಯ ಕಲ್ಲಿನ ಮೇಲೆ ಕೊಡಪಾನ ಇಟ್ಟ ಹಾಗೆ, ಠಣ್. ಆಮೇಲೆ ಬಾಗಿಲಿನ ಆಚೆಯೇ ಪಿಸುದನಿ. ಓಣಿ ತುಂಬ ಕೇಳುವ ಚಿಕ್ಕಿಯ ದನಿ, ಅಷ್ಟು ಸಣ್ಣಗೆ.

"ಉಂಡ್ಯಾ ಮಗಾ?"

"ಉಂಡೆ."

"ಅನ್ನಕ್ಕೆ ಎಂತ ಪದಾರ್ಥ?"

ಅವಳು ಖಾಲಿ ಒಲೆಯ ಕಡೆ ತಿರುಗಿ ನೋಡಿದಳು.

"ಸುಳ್ಳ್ ಹೇಳೂಕಾಗ. ಉಣ್ಣ್."

"ಅಬ್ಬೀ, ಆ ದಿನ ನಾ ಇರ್ಲಿಲ್ಲ..."

"ಈಗ ಓ ಅಂದ್ಯಲ್ದಾ." ಆಮೇಲೆ, "ಹೋತೆ ಮಗಾ."

ನಮ್ಮಲ್ಲಿ ಮನೆಯಿಂದ ಹೊರಡುವವರು ಹೋತೆ ಅನ್ನುವುದಿಲ್ಲ, ಬತ್ತೆ ಅಂತಾರೆ. ನಸುಕಿನಲ್ಲಿ ಬುಟ್ಟಿ ಹಿಡಿದು ಹೊರಡುವಾಗ ಚಿಕ್ಕಿಯೂ ದಿನಾ ಬತ್ತೆ ಅಂದವಳೇ. ಆ ರಾತ್ರಿ ಮಾತ್ರ ಹೋತೆ ಅಂದಳು. ಶ್ರೀಲತಾ ಬಾಗಿಲು ತೆಗೆದು ಓಡಿದಳು. ಬಾವಿಕಟ್ಟೆ ಖಾಲಿ. ಕೊಡಪಾನ ಇಲ್ಲ, ಏನಿಲ್ಲ. ಅಲ್ಲೇ ಕೂತು ಅತ್ತಳಂತೆ, ಆ ಆಸಾಡಿಯಲ್ಲೂ ಅಷ್ಟು ಅತ್ತಿರಲಿಲ್ಲ. ಆಮೇಲೆ ಒಳಗೆ ಬಂದು ಒಲೆ ಹಚ್ಚಿ ಅನ್ನ ಮಾಡಿ ಉಂಡಳು. ಮತ್ತೆಂದೂ ಕರೆ ಬರಲಿಲ್ಲ. ಬೇಕಂತಲೇ ತಡಮಾಡಿ ಬಂದು ಬಾವಿ ಹತ್ತಿರ ನಿಂತದ್ದೂ ಉಂಟು. ಏನೂ ಇಲ್ಲ.

ಮಾರನೇ ದಿನ ಬೆಳಿಗ್ಗೆ ಹೋದವ ನಾನು ಗೋಡೆ ಗಡಿಯಾರ ನೋಡಿದೆ. ನನ್ನ ಕೈಗಡಿಯಾರದಲ್ಲಿ ಎಂಟು. ಗೋಡೆಯದರಲ್ಲಿ ಏಳು. ಅದು ಮೆಲ್ಬರ್ನಿನ ಗಡಿಯಾರ ಅಲ್ಲ ಮಾರಾಯ್ರೆ. ಚಿಕ್ಕಿ ಮೀನು ಮಾರಿ ತಂದದ್ದು, ಬಸ್ರೂರಿನ ಹೊತ್ತು ತೋರಿಸುವುದು. ಹಿಂದಿನ ದಿನದವರೆಗೆ ಸರಿ ಇತ್ತು. ನಿಂತಿರಲೂ ಇಲ್ಲ, ಟಿಕ್, ಟಿಕ್ ನಡೀತಿತ್ತು. ಸರಿ ಮಾಡಲು ಕೈ ಎತ್ತಿದೆ.

"ಇರ್ಲಿ ಅಣ್ಣ," ಅಂದಳು.

ಇಡೀ ಲೋಕದ ಗಡಿಯಾರ ಸರಿ ಮಾಡುವವಳು, ಅದೊಂದನ್ನು ಇವತ್ತಿಗೂ ಮುಟ್ಟುವುದಿಲ್ಲ. ಹೋದ ತಿಂಗಳು ಬ್ಯಾಟರಿ ಮುಗಿದಿತ್ತು. ಹೊಸದು ಹಾಕಿ, ಫೋನು ನೋಡಿ, ನಾನೇ ಈ ಕೈಯಿಂದ ಹೊತ್ತು ಸರಿಯಾಗಿ ಇಟ್ಟು ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಗಂಟೆ ಹಿಂದೆ. ನಂಬದವರು ನಾಳೆ ಬನ್ನಿ, ರಿಕ್ಷಾದಲ್ಲಿ ಕರಕೊಂಡು ಹೋಗಿ ತೋರಿಸ್ತೇನೆ.