ಬೇರಿಂಗಿನ ಸಪ್ಪಳ

...ಬೆನ್ನ ಹಿಂದ ನಿಂತು ಮಾತಾಡಬ್ಯಾಡ ಆರತಿ, ಎಷ್ಟ ಸರ್ತಿ ಹೇಳೇನಿ ನಿನಗ. ಮುಂದ ಬಾ. ಈ ಮನ್ಯಾಗ ಅತ್ತಿ-ಸೊಸಿ ಮುಖ ನೋಡಿ ಮಾತಾಡೂ ಪದ್ಧತಿ ಐತಿ. ಹಾಂ, ಈಗ ಹೇಳು. ಕಾರಿಗೆ ಮೆಕ್ಯಾನಿಕ್ಕನ್ನ ಕರಸೂದಾ? ಯಾಕ? ಬಿ.ಎಸ್ಸಿ.ಯೊಳಗ ಫಿಜಿಕ್ಸ್ ಓದೇನಿ ನಾನು, ಫಸ್ಟ್ ಕ್ಲಾಸ್. ಆಲ್ಟರ್ನೇಟರ್ ಅಂದ್ರ ಏನು ಮಹಾ... ಎಂಜಿನ್ ತಿರಗಿದಾಗ ಬೆಲ್ಟಿನಿಂದ ತಾನೂ ತಿರಗಿ ಬ್ಯಾಟರಿ ತುಂಬೂ ಯಂತ್ರ. ಅದರ ಬೇರಿಂಗ್ ಸವದಿತ್ತು. ಹೊಸಾದು ಹಾಕೇನಿ. ಇಷ್ಟಕ್ಕ ಊರ ಮಂದಿನೆಲ್ಲಾ ಕರೀಬೇಕೇನು?

ನಗು, ನಗು. ಲಟ್ಟಣಿಗಿ ಕಂಡು ನಗಾಕತ್ತಿ. ಚಪಾತಿ ಲಟ್ಟಿಸೂದಕ್ಕಷ್ಟ ಅಂತ ಎಲ್ಲೂ ಬರದಿಲ್ಲ. ನಿನ್ನೆ ಬಾನೆಟ್ ತಗದು, ಎಂಜಿನ್ ಚಾಲೂ ಇಟ್ಟು, ಬೆಲ್ಟಿಗೆ ತಾಗದಂಗ ಇದರ ಒಂದು ತುದಿ ಆಲ್ಟರ್ನೇಟರಿಗೆ ಹಚ್ಚಿ, ಇನ್ನೊಂದು ತುದಿ ಕಿವಿ ಹಿಂದಿನ ಎಲುವಿಗೆ ಒತ್ತಿ ಹಿಡದೆ. ನೀರಿನ ಪಂಪಿಗೆ ಹಿಡದ್ರ ಏನೂ ಇಲ್ಲ. ಇದಕ್ಕ ಹಿಡದ್ರ ಬೀಸೂ ಕಲ್ಲಾಗ ಹಳ್ಳ ಸಿಕ್ಕಂಗ ಗರಗರ, ತಲಿಬುರುಡಿ ತುಂಬ. ಎಷ್ಟೋ ದಿವಸದ ಮ್ಯಾಲ ಒಂದು ಸಪ್ಪಳ ಅಷ್ಟು ಸ್ವಚ್ಛ... ಏನಿಲ್ಲ. ಮುಂದ ಕೇಳು.

ಬ್ಯಾಟರಿ ವಾಯರ್ ಮೊದಲ ತಗದಿಟ್ಟೆ. ಬೆಲ್ಟ್ ಬಿಚ್ಚಿ ಪುಲ್ಲಿ ಕೈಲೆ ತಿರಗಿಸಿದ್ರ ಬೆರಳಿಗೂ ಅದ ಗರಗರ. ಅನುಮಾನನ ಉಳೀಲಿಲ್ಲ. ಅದರ ಒಳಗಿನ ದಂಡ ಫ್ರೀಜರಿನಾಗ ಇಟ್ಟಿದ್ದಕ್ಕ ನಿನ್ನ ಸಿಟ್ಟು ಇನ್ನೂ ಇಳದಿಲ್ಲ, ಗೊತ್ತೈತಿ. ಐಸ್‌ಕ್ರೀಮಿಗೆ ಗ್ರೀಸಿನ ವಾಸನಿ ಬಂತಂತ. ಬರಲಿ. ಥಂಡಿಗೆ ಕಬ್ಬಿಣ ಕುಗ್ಗತೈತಿ, ಬೇರಿಂಗ್ ಸಲೀಸ ಕೂಡತೈತಿ. ಹಳೇ ಹುಬ್ಬಳ್ಳಿ ಅಂಗಡಿಯಾಂವ ಸುತಗಿ ಸಾಕು ಅಂದಿದ್ದ. ಅವನ ಮಾತು ಕೇಳಿದ್ರ ಹೊಸಾದೂ ಒಡೀತಿತ್ತು. ದಿನಾಂಕ, ನಂಬರು, ಎಲ್ಲಾ ಬರದಿಟ್ಟೇನಿ. ನಾಳೆ ಯಾರೂ ಮುದುಕಿ ಅಂದಾಜಿಲೆ ಮಾಡಿದ್ಲು ಅನಬಾರದು.

ನಿನ್ನ ಗಂಡಗ ಹೇಳು ಇದನ್ನ. ನನ್ನ ಮಗಾ ಅನ್ನಾಕ ಮನಸಾಗವಲ್ದು, ಅದಕ್ಕ ನಿನ್ನ ಗಂಡ ಅಂತೇನಿ. ಟೋಲ್ ನಾಕಾದಾಗ ಹಿಂದಿನ ಬಸ್ಸು ಹಾರ್ನ್ ಹೊಡೀತು, ನಾ ದಾರಿ ಬಿಡಲಿಲ್ಲ, ಅದು ಮೈಮ್ಯಾಲ ಬಂದಂಗಾತು. ಅಷ್ಟ. ಅಷ್ಟಕ್ಕ ವಿಶಾಲ, "ಅವ್ವಾ, ಇನ್ನ ಕೀಲಿ ಕೊಡು" ಅಂದ. ಕೂಸು ಗಾಡಿಯೊಳಗಿತ್ತಂತ ನೀನೂ ಕಣ್ಣೀರು ತಗದಿ. ನನ್ನ ಮೊಮ್ಮಗಳಲ್ಲೇನು ಅದು? ಬಾನೆಟ್ಟಿನಾಗ ಇಂಥಾ ಗದ್ದಲ ಇದ್ರ ಹಾರ್ನ್ ಯಾರಿಗೆ ಕೇಳತೈತಿ? ತಪ್ಪು ಗಾಡಿದು. ಗಾಡಿ ರಿಪೇರಿ ಆತು, ಮಾತು ಮುಗೀತು.

ಕೀಲಿ ಕೊಟ್ಟೆ ಅಂತ ತಿಳಕೋ. ಮುಗದ ಊರಿನ ಹೊಲಕ್ಕ ಯಾರು ಹೋಗತಾರ? ನಿಮ್ಮ ಮಾವನವರು ಹೋದ ಮ್ಯಾಲ ಬೀಜ, ಗೊಬ್ಬರ, ಆಳು ಎಲ್ಲಾ ನನ್ನ ಕೈಯಾಗ ನಡದೈತಿ. ವಿಶಾಲ ಅದನ್ನ ಮಂದಿಗೆ ಗುತ್ತಿಗಿ-ಲಾವಣಿಗೆ ಕೊಟ್ಟು ಕೈ ತೊಳಕೋತಾನ. ನಾ ಸೋಫಾದ ಮ್ಯಾಲ ಕುಂತು ಬಳ್ಳೊಳ್ಳಿ ಸುಲೀಬೇಕು. ಎಲ್ಲಿಗರ ಹೋದ್ರ ಮಂದಿ ನಿಮ್ಮ ಮಾವನವರ ಹೆಸರು ಹಿಡದು, "ಬಸವಪ್ರಭು ಅವರ ಮನಿಯಾಕಿ ಬಂದಾಳ, ಮಗಾ ಕರಕೊಂಡು ಬಂದಾನ." ಇಂಥಾ ಮಾತು ಕೇಳೂದಕ್ಕಿಂತ...

ಎದುರಮನಿ ಇಮಾಮಬಿನೂ ಛಲೋ ಹೆಂಗಸು. "ಅಕ್ಕಾರ, ಶ್ರಾವಣದಿಂದ ನಿಮ್ಮ ಗಾಡಿ ಸಪ್ಪಳ ಓಣಿ ತುದಿಗೇ ಕೇಳತೈತ್ರಿ" ಅಂತ ಮೊನ್ನೆ ಹೇಳತಾಳ. ಅಲ್ಲಿ ತನಕ ಬಾಯಿ ಮುಚ್ಚಿಕೊಂಡು ಕುಂತಿದ್ಲು. ನೆರಿಯವರು ಅಂದ್ರ ಇಷ್ಟ.

ಏನಂದಿ? ನನಗ್ಯಾಕ ಕೇಳಲಿಲ್ಲ ಅಂತಿಯೇನು? ಒಳಗ ಕುಂತವರಿಗೆ ಅದು ಅಷ್ಟು ಕೇಳೂದಿಲ್ಲ. ಹೊರಗಿನವರಿಗೆ ಕೇಳತೈತಿ. ಗಾಜು ಏರಿಸಿರತೇನಲ್ಲ.

ಹಂಗ್ಯಾಕ ನೋಡತಿ? ಆಗೊಂದು ಮಾತು, ಈಗೊಂದು ಮಾತು ಅಂತಿ? ವಕೀಲರ ಮಗಳಲ್ಲೇನು ನೀನು, ಮಾತು ಹಿಡಿಯೂದು ನಿಮ್ಮಪ್ಪ ಕಲಿಸ್ಯಾನ. ಆತು. ಸಪ್ಪಳ ಹೋಗಿದ್ರ ಕೀಲಿ ನನ್ನ ಹಂತೇಕನ ಇರತೈತಿ. ವಿಶಾಲ ಒಪ್ಪ್ಯಾನ, ಆರತಿ ನೋಡಿ ಹೇಳಲಿ ಅಂದಾನ. ಅತ್ತಿಗೆ ಸೊಸಿ ಪರೀಕ್ಷಾ ಮಾಡೂ ಕಾಲ ಬಂತು. ಮಾಡು.

ಬಾನೆಟ್ ಮುಚ್ಚೇನಿ. ಕೀಲಿ ಹಿಡಿ, ಒಳಗ ಕುಂತು ಚಾಲೂ ಮಾಡು. ನಾ ಈ ನಳದಾಗ ಕೈ ತೊಳಕೋತೇನಿ. ಗ್ರೀಸ್ ಸಾಬಾಣಕ್ಕೂ ಬಿಡವಲ್ದು...

ಮಾಡು, ಮಾಡು. ಕ್ಲಚ್ ಒತ್ತಿ ತಿರಗಿಸು.

ಯಾಕ, ಮನಸಿಲ್ಲೇನು? ಸಪ್ಪಳ ಹೋಗೈತಿ ಅಂತ ಗಂಡನ ಮುಂದ ಹೇಳಬೇಕಾದೀತು ಅಂತ ಹೆದರಿಕಿ? ಅತ್ತಿ ಗೆದ್ಲು ಅನ್ನಾಕ ಬಾಯಿ ಬರೂದಿಲ್ಲ, ಹೌದಲ್ಲ? ನಾನೂ ಸೊಸಿಯಾಗಿದ್ದಾಕಿನ ಯವ್ವಾ, ಎಲ್ಲಾ ತಿಳೀತೈತಿ... ತಿರಗಿಸು ಅಂತೇನಿ.

ಇಳದು ಬಂದಿಯಲ್ಲ? ಯಾಕ? ಏನಾತು?

ಏನರ ಅನ್ನು. ಸಪ್ಪಳ ಹೋಗಿಲ್ಲ ಅಂದ್ರ ಹೋಗಿಲ್ಲ ಅನ್ನು, ನಾ ಮತ್ತ ಬಿಚ್ಚತೇನಿ. ಹಿಂಗ ನೋಡಬ್ಯಾಡ. ಸರಿ ಅತ್ತಾಗ, ನಾನ ಚಾಲೂ ಮಾಡತೇನಿ. ಕೀಲಿ ಕೊಡು. ನಿನ್ನ ಕೈಯಾಗಿಲ್ಲ... ಗಾಡಿಯೊಳಗ ಬಿಟ್ಟು ಬಂದಿಯೇನು? ತಡಿ, ಈ ಬಾನೆಟ್ ಹಿಡಕೊಂಡು ಆ ಕಡೆ...

ನಡಗಾಕತ್ತೈತಿ ಇದು.

ಆರತಿ... ಯಾವಾಗ ಚಾಲೂ ಮಾಡಿದಿ?