ಬೀರವ್ವನ ಅಂಗಿ ಝಾಡಿಸಿದವರ ಫೋನು

ಹಲೋ… ಯಾರ್ರಿ ಮಾತಾಡೋದು? ಹೊಸಾ ನಂಬರ್ ಬಂದೈತಿ.

…

ಯಾವ ಕರಬಸಪ್ಪಣ್ಣಾರ್ರಿ? ಕರ್ಜಗಿಯಾಗ ಮೆಣಸಿನಕಾಯಿ ಬೀಜದ ಪ್ಲಾಟ್ ಮಾಡ್ಯಾರಲ್ಲ, ಅವರಾ? ಹಾಂ, ಗೊತ್ತಾತು. ದನಿ ಮೆತ್ತಗಾಗೈತಿ, ಅದಕ್ಕ ಗುರ್ತು ಹತ್ತಲಿಲ್ಲ.

…

ಹೌದ್ರಿ, ನಾನೇ ಜೈತೂನಬಿ. ಅಗಡಿ ಗ್ಯಾಂಗಿನಾಕಿ. ಇಪ್ಪತ್ತು ದಿನದ ಹಿಂದ ನಿಮ್ಮ ಪರದೆ ಕಟ್ಟಿದ ನೆಟ್ ಹೌಸಿನ ಬಾಗಲದಿಂದ ಹೊರಗ ಹಾಕಿದ್ರಲ್ಲ, ಅದೇ ಜೈತೂನಬಿ.

…

ಆರಾಮ ಅದೇವ್ರಿ. ಗೋವಿನಜೋಳದ ತೆನಿ ಮುರ್ಯಾಕ ಹೋಗಾಕತ್ತೇವಿ. ಹೂವಿಗೆ ಹುಡಿ ಹಚ್ಚೋ ಕೈಯಾಗ ಈಗ ಬೊಬ್ಬಿ ಎದ್ದಾವ. ಕ್ರಾಸಿಂಗಿಗೆ, ಆ ಹುಡಿ ಹಚ್ಚೋ ಕೆಲಸಕ್ಕ, ಯಾರೂ ಕರೀವಲ್ಲರು. ಯಾಕ ಅಂತ ನನ್ನ ಕೇಳ್ತೀರಲ್ರಿ? ರಾಣೆಬೆನ್ನೂರಾಗ ಬೀಜದ ಮೀಟಿಂಗಿನ್ಯಾಗ ಎದ್ದು ನಿಂತು, ಅಗಡಿ ಹೆಣ್ಮಕ್ಕಳು ಮೈಮ್ಯಾಲ ನುಸಿ ಹೊತ್ಕೊಂಡು ಬರ್ತಾರ, ಒಳಗ ಬಿಟ್ಕೋಬ್ಯಾಡ್ರಿ ಅಂತ ಹೇಳಿದವರು ಯಾರು?

…

ಸಿಟ್ಟಿನ್ಯಾಗ ಅಂದ್ರಿ. ಹಾಂ. ಸಿಟ್ಟು ನಿಮಗ, ಉಪವಾಸ ನಮಗ. ಇರ್ಲಿ, ಈಗ ಯಾಕ ಫೋನ್ ಹಚ್ಚೀರಿ, ಅದನ್ನ ಹೇಳ್ರಿ.

…

ಎರಡನೇ ನೆಟ್ಟಿಗೂ ನುಸಿ ಬಂತಾ? ಅಲ್ಲಿ ನಾವು ಕಾಲೇ ಇಟ್ಟಿಲ್ಲಲ್ರಿ. ಎಲಿ ಕೆಳಗ ಮುದುಡ್ಯಾವೋ, ಮ್ಯಾಲೋ?… ಕೆಳಗ. ಹಂಗಾದ್ರ ಮೈಟ್ ನುಸಿನೇ. ಹೂವೂ ಉದುರಾಕತ್ತಿರಬೇಕು.

…

ಬೀಜದ ಕಂಪನಿ ಅರುಣಾ ಮೇಡಂ ಬಂದಿದ್ರಾ? ಭೂತಗನ್ನಡಿ ಹಿಡದು ನೋಡಿ ಏನಂದ್ರು?… ನಾಚಿಕಿ ಬ್ಯಾಡ್ರಿ. ಇನ್ನೊಮ್ಮೆ ಹೇಳ್ರಿ, ಇಲ್ಲಿ ಟ್ರ್ಯಾಕ್ಟರ್ ಸಪ್ಪಳ.

…

ನುಸಿ ನೀವೇ ತಂದದ್ದು ಅಂದ್ರಾ? ದಿನಾ ಮುಂಜಾನೆ ಹೊರಗಿನ ಹೊಲದಾಗ, ಮುದುಡಿದ ಗಿಡದಾಗ ಅಡ್ಡಾಡಿ, ಅದೇ ಅಂಗೀಲೆ ನೆಟ್ ಒಳಗ ಬರ್ತಿದ್ರಿ. ಅಲ್ರಿ, ಕೈ ತೊಳೀರಿ, ಅಂಗಿ ಬದಲಿ ಮಾಡ್ರಿ ಅಂತ ನಮಗ ಬಾಗಲದಾಗ ಬೋರ್ಡ್ ಹಾಕಿದ್ರಿ. ಮಾಲಕರಿಗೆ ಅದು ಲಾಗೂ ಇಲ್ಲ, ಅಲ್ಲೇನ್ರಿ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಿ ನೀವು.

…

ಔಷಧದ ಎಣ್ಣಿ ಹೊಡದೀರಾ? ಯಾವ್ದು, ಕಾಯಿಕೊರಕ ಹುಳಕ್ಕ ಹೊಡಿಯೋದಾ? ಮೂರು ಸಲ? ಯಾ ಅಲ್ಲಾ. ಅದು ನುಸಿ ತಿನ್ನೋ ಒಳ್ಳೇ ಹುಳಾನ ಕೊಂದು ಹಾಕ್ತೈತಿ, ನುಸಿ ಮತ್ತಷ್ಟು ಹೆಚ್ಚಾಗ್ತೈತಿ ಅಂತ ಅವತ್ತೇ ಬಡ್ಕೊಂಡೆ. ಸಾಲಿ ಕಲೀದಾಕಿ ನನಗ ಹೇಳಾಕ ಬರ್ತಿ ಅಂದ್ರಿ. ಹೋಗ್ಲಿ, ಮುದುಡಿದ ಕುಡಿ ಕಿತ್ತು ಚೀಲದಾಗ ತುಂಬಿ ಹೊರಗ ಒಯ್ದು ಸುಡ್ರಿ. ಗಂಧಕದ ಪುಡಿ ನೀರಾಗ ಕಲಸಿ ಎಲಿ ಕೆಳಮಗ್ಗಲಿಗೆ ತಾಗೂಹಂಗ ಹೊಡೀರಿ. ಮೇಡಂನೂ ಅದನ್ನೇ ಹೇಳಿರಬೇಕು.

…

ನಾಳೆಯಿಂದ ಬರ್ಬೇಕಾ? ಗೊತ್ತೈತ್ರಿ, ಹೂವು ಕಾಯಂಗಿಲ್ಲ. ಸಂಜೀಕ ಮೊಗ್ಗು ಬಿಡಿಸಿ ಗಂಡು ಕೇಸರ ತಗದು ಇಟ್ರ ಮುಂಜಾನೆ ಹುಡಿ ಹಚ್ಚಲೇಬೇಕು… ಇಲ್ರಿ, ಕೂಲಿ ಹೆಚ್ಚು ಮಾಡೋದು ಬ್ಯಾಡ. ಇದು ಕೂಲಿ ಮಾತಲ್ಲ.

…

ನಮ್ಮ ಗ್ಯಾಂಗಿನ ಬೀರವ್ವನ ಮಾತು. ಮೊದಲ ಮುದುಡಿದ ಎಲಿ ಕಂಡಾಕಿ ಆಕಿ. ಅಣ್ಣಾರ, ನೋಡ್ರಿ, ಲಗೂ ಏನರ ಮಾಡ್ರಿ ಅಂತ ಓಡಿ ಬಂದು ನಿಮಗ ತೋರ್ಸಿದ್ಲು. ಅದಕ್ಕ ನೀವು, ನೀನೇ ತಂದೀದಿ ಅಂದ್ರಿ. ಸೀರಿ ಮ್ಯಾಲ ಹಾಕ್ಕೊಂಡಿದ್ದ ಅಂಗಿ, ಸತ್ತ ಗಂಡಂದು, ಗಂಡಸರ ಎದುರಿಗೆ ಬಿಚ್ಚಿಸಿ ಕೋಲೀಲೆ ಎತ್ತಿ ಝಾಡಿಸಿದ್ರಿ. ಅವತ್ತಿಂದ ಆಕಿ ಯಾವ ಕೆಲಸಕ್ಕೂ ಬಂದಿಲ್ರಿ. ಓಣ್ಯಾಗ ಎಲ್ಲಾರೂ ನುಸಿ ಬೀರವ್ವ ಅಂತಾರ ಈಗ.

…

ತಪ್ಪಾತಾ? ನನಗ ಅಂದ್ರ ಏನ ಬಂತ್ರಿ? ಮೀಟಿಂಗಿನ್ಯಾಗ ಹೇಳ್ರಿ… ಯಾಕ ಆಗಂಗಿಲ್ಲ? ಕಂಪನಿಯವರು ಮುಂದ ಪ್ಲಾಟ್ ಕೊಡಂಗಿಲ್ಲ? ಮರ್ಯಾದಿ ಹೋಗ್ತೈತಿ? ಹಾಂ. ಮರ್ಯಾದಿ ನಿಮಗಷ್ಟೇ ಐತಿ.

…

ಆತು, ಮೀಟಿಂಗ್ ಬಿಡ್ರಿ. ಗ್ಯಾಂಗಿನ ಹತ್ತೂ ಮಂದಿ ಇಲ್ಲೇ ನಮ್ಮ ಕಟ್ಟಿ ಮ್ಯಾಲ ಕುಂತಾರ, ಬೀರವ್ವನೂ ಅದಾಳ. ನುಸಿ ತಂದಾಂವ ನಾನು, ತಪ್ಪಾತು ಅಂತ ಆಕಿಗೆ ಒಂದು ಮಾತು ಹೇಳ್ರಿ. ಹೇಳಿದ್ರ ನಾಳೆ ಹೊತ್ತು ಮೂಡೂದ್ರಾಗ ನಿಮ್ಮ ಪ್ಲಾಟಿನ್ಯಾಗ ಇರ್ತೇವಿ. ಇಲ್ಲಂದ್ರ ನಾನು ಯಾರನ್ನೂ ಕರ್ಕೊಂಡು ಬರಂಗಿಲ್ಲ.

…

ಹಲೋ? ಏನೋ ಟುಂಯ್ ಅಂತಲ್ಲ… ಇರ್ಲಿ. ಕೊಡ್ತೇನಿ ಆಕಿ ಕೈಯಾಗ… ಬೀರವ್ವಾ, ಹಿಡಿ. ಹೆದರಬ್ಯಾಡ, ಕಿವಿಗೆ ಹಚ್ಚು.

…

ಏನಂದ್ರು? ಅಂದ್ರಾ? ತಪ್ಪಾತು ಅಂದ್ರಾ? ಖರೇನ?… ಮತ್ತ ಯಾಕ ಕೆಳಗ ನೋಡ್ತಿ? ನಾಳೆ ಎಲ್ಲಾರೂ ಹೋಗೂಣು, ಎಲ್ಲಾರಿಗೂ ಕೂಲಿ ಸಿಗ್ಲಿ ಅಂತಿಯಾ? ಕೊಡು ಇಲ್ಲೆ ಫೋನು.

ಹಲೋ… ಕರಬಸಪ್ಪಣ್ಣಾರ… ಹಲೋ…

ಆಗ ಟುಂಯ್ ಅಂದದ್ದು ಇದೇ. ಬೀರವ್ವಾ, ಇದು ನಿನ್ನ ಕೈಗೆ ಕೊಡೂಕಿಂತ ಮೊದಲೇ ಕಟ್ ಆಗೈತಲ್ಲೇ…