ಯಂತ್ರದ ಕೆಂಪು ದೀಪ

೧೯೫೯ರಲ್ಲಿ ಒಂದು ಬೆಳಿಗ್ಗೆ ತೆರಕಣಾಂಬಿಯಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದ ಸೋಮಮ್ಮನ ಕಿವಿಯೆಲ್ಲ ಪಕ್ಕದ ಅಕ್ಕ-ತಮ್ಮನ ಮಾತಿನ ಮೇಲೇ ಇತ್ತು. ತಮ್ಮ ಮಂಟೇಸ್ವಾಮಿಗೆ ಬೊಂಬಾಯಿಯಲ್ಲಿ ಲೆಕ್ಕ ಮಾಡುವ ಯಂತ್ರದ ಕೆಲಸ.

"ನೆನಪಿನ ಜಾಗ ತುಂಬೋಯ್ತು ಅಂತ ಯಂತ್ರದ ಕೆಂಪು ದೀಪ ಹತ್ಕತಿತ್ತು ಕಣಕ್ಕ. ಯಂತ್ರವೇ ಕೆಟ್ಟೋಗಿ ಅದೆ, ಬಿಚ್ಚಾಕನ ಅಂದ್ರು ಜೊತೇಲಿ ಕೆಲ್ಸ ಮಾಡೋರು."

"ನೀನೇನಂದೆ?"

"ಯಂತ್ರ ಸರ್ಯಾಗೇ ಅದೆ, ನಾವು ಅದಕ್ಕೆ ಬರ್ಕೊಟ್ಟ ಅಪ್ಪಣೇಲೇ ತಪ್ಪು ಅದೆ ಅಂದೆ. ಮುಗ್ದ ಲೆಕ್ಕವ ಅಳಿಸು ಅಂತ ಅದಕ್ಕೆ ಹೇಳೇ ಇರ್ನಿಲ್ಲ. ಆ ಒಂದು ಸಾಲು ಸೇರಿಸ್ದೆ."

"ದೀಪ ಆರೋಯ್ತಾ?"

"ನಾ ಹೊರಡೋಗಂಟ ಒಂದ್ಸಲಾನೂ ಹತ್ನಿಲ್ಲ."

ಸೋಮಮ್ಮ ಅವರತ್ತ ಇನ್ನಷ್ಟು ಸರಿದು ಕುಳಿತಳು.

"ತಪ್ಪು ಬರ್ದಿದ್ದೋರು ಯಾರಪ್ಪ?" ಅಕ್ಕ ಕೇಳಿದಳು.

"ನಾನೇ ಕಣಕ್ಕ."

"ಒಪ್ಕಂಡ್ಯಾ?"

"ಎಲ್ಲರ ಮುಂದ್ಲೂ ಒಪ್ಕಂಡೆ."

ಅವರಿಬ್ಬರು ಹತ್ತಬೇಕಿದ್ದ ಚಾಮರಾಜನಗರದ ಬಸ್ಸು ಬಂತು. ಅಕ್ಕ ತಮ್ಮನ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಮುಂದೆ ನಡೆದಳು.